ಸತ್ಯಾಂಶ: ಹುಡುಗಿಯರ ಮೆದುಳು 13ಕ್ಕೇ ಪೂರ್ತಿ ಬೆಳೆಯುತ್ತದಾ?

ಕೋಲಾರದ ಕಡೆಯ ಪೋಷಕರ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ‘ಹುಡುಗಿಯರ ಮೆದುಳು 13ಕ್ಕೇ ಪೂರ್ತಿ ಬೆಳೆಯುತ್ತದೆ, ಅದಕ್ಕೇ ಅವರಿಗೆ ಜೀವನದ ಚಿಂತೆ. ಹುಡುಗರಿಗೆ ಯಾವುದೂ ಮನಸ್ಸಿಗೆ ತಟ್ಟುವುದಿಲ್ಲ.’ ಎರಡು ಮಾತೂ ತಪ್ಪು.

ಹದಿಹರೆಯದ ಮೈ ಬದಲಾವಣೆ ಹುಡುಗಿಯರಲ್ಲಿ ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ, ಹುಡುಗರಲ್ಲಿ 9ರಿಂದ 14ರೊಳಗೆ ಶುರುವಾಗುತ್ತದೆ. ಏಳನೇ ಕ್ಲಾಸಿನಲ್ಲಿ ಹುಡುಗಿಯರೇ ದೊಡ್ಡವರಂತೆ ಕಾಣುವುದು ಇದಕ್ಕೇ. ಆದರೆ ಯೋಚಿಸಿ ನಿರ್ಧಾರ ಮಾಡುವ ಮೆದುಳಿನ ಮುಂಭಾಗ ಇಬ್ಬರಲ್ಲೂ ಸುಮಾರು 25ರವರೆಗೆ ಬೆಳೆಯುತ್ತಲೇ ಇರುತ್ತದೆ.

ಹಾಗಾದರೆ ವ್ಯತ್ಯಾಸವೇ ಇಲ್ವಾ? ಇದೆ. ಹದಿಹರೆಯದಲ್ಲಿ ತಮ್ಮ ಬಗ್ಗೆ ತಮಗಿರುವ ವಿಶ್ವಾಸ ಸರಾಸರಿಯಲ್ಲಿ ಹುಡುಗಿಯರಿಗೆ ತುಸು ಕಡಿಮೆ. ತುಸು ಅಷ್ಟೇ. 2005ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಜಾನೆಟ್ ಹೈಡ್ ಗಂಡು ಹೆಣ್ಣಿನ ವ್ಯತ್ಯಾಸದ ಬಗ್ಗೆ ಹಲವು ಅಧ್ಯಯನಗಳನ್ನು ಸೇರಿಸಿ ಮಾಡಿದ 46 ವಿಶ್ಲೇಷಣೆಗಳನ್ನು ಒಟ್ಟಿಗೆ ನೋಡಿದರು. ಮನಸ್ಸಿನ ವ್ಯತ್ಯಾಸಗಳಲ್ಲಿ ಹೆಚ್ಚಿನವು ಚಿಕ್ಕವು, ಅಥವಾ ಇಲ್ಲವೆನ್ನುವಷ್ಟು ಕಡಿಮೆ ಎಂದು ಕಂಡಿತು.

ನಾವು ಆಡುವ ಮಾತೂ ವ್ಯತ್ಯಾಸವನ್ನು ಬೆಳೆಸುತ್ತದೆ. ಮಗಳಿಗೆ ‘ನಾಳೆ ಇನ್ನೊಬ್ಬರ ಮನೆಗೆ ಹೋಗೋಳು, ಹುಷಾರು’ ಅನ್ನುತ್ತೇವೆ. ಮಗನಿಗೆ ‘ಹೆಣ್ಣಿನ ಥರ ಅಳಬೇಡ’ ಅನ್ನುತ್ತೇವೆ, ಅಲ್ವಾ? ಅವಳು ಕನ್ನಡಿ ಮುಂದೆ ನಿಂತು ತನ್ನನ್ನೇ ಅಳೆಯುತ್ತಾಳೆ. ಅವನು ನೋವನ್ನು ಸಿಟ್ಟು ಮಾಡಿಕೊಂಡು ಬಾಗಿಲು ಹಾಕಿಕೊಳ್ಳುತ್ತಾನೆ. ಆ ಸಿಟ್ಟನ್ನು ಸುಮ್ನೆ ಕೊಬ್ಬು ಎಂದು ತಳ್ಳಿಹಾಕುವುದೇ ನನಗೆ ಜಾಸ್ತಿ ಸಂಕಟದ ವಿಷಯ.

ಮಗ ಆಗಲಿ, ಮಗಳಾಗಲಿ, ವಾರಗಟ್ಟಲೆ ಮಂಕಾಗಿದ್ದರೆ ಪಕ್ಕದಲ್ಲಿ ಕೂತು ಕೇಳಿ. ಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.