ಹತ್ತು ಬೇಕಾ, ಹನ್ನೆರಡು ಬೇಕಾ?

"ಹತ್ತು ಬೇಕಾ, ಹನ್ನೆರಡು ಬೇಕಾ?" ಅಂದ ಅಂಗಡಿ ಹುಡುಗ.

"ಆರು ಸಾಕಪ್ಪ, ಗಿಟಾರಿಗೆ ಇರೋದೇ ಆರು" ಅಂದ್ರು ಭಾವ.

ಹುಡುಗ ನಗಲಿಲ್ಲ. ಇಂಥವರನ್ನು ದಿನಾ ನೋಡುವ ಮುಖ. ಅವನು ಕೇಳಿದ್ದು ಮೊದಲ ತಂತಿಯ ದಪ್ಪ. ಹತ್ತು ಅಂದರೆ ಇಂಚಿನ ಸಾವಿರದಲ್ಲಿ 10 ಪಾಲು, ಹೆಚ್ಚೂಕಮ್ಮಿ ಕಾಲು ಮಿಲಿಮೀಟರ್. ಎಲೆಕ್ಟ್ರಿಕ್ ಗಿಟಾರಿನವರು 9, 10 ಅಂತಾರೆ, ಕರೆಂಟಿಲ್ಲದ ಅಕೂಸ್ಟಿಕ್‌ನವರು 11, 12. ಸಾವಿರದಲ್ಲಿ ಒಂದು ಪಾಲಿಗೆ ಇಷ್ಟು ತಕರಾರೇ ಅನ್ನಬೇಡಿ, ಬೆರಳ ತುದಿಗೆ ಅದು ಚೆನ್ನಾಗೇ ಗೊತ್ತಾಗುತ್ತದೆ.

"ಅದಕ್ಕಿಂತ ದಪ್ಪದ್ದು?" ಅಂದ್ರು ಭಾವ. 13 ಇತ್ತು. ಪಂಪ್‌ಸೆಟ್ಟಿಗೆ ವೈರು ತರುವ ಲೆಕ್ಕದಲ್ಲಿ ಅದನ್ನೇ ಕಟ್ಟಿಸಿಕೊಂಡರು. ಭಾವನಿಗೆ ಬುದ್ಧಿ ಹೇಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ.

ಪೊಟ್ಟಣದ ಮೇಲೆ '80/20 ಬ್ರಾಂಜ್' ಅಂತಿತ್ತು. 80 ಪಾಲು ತಾಮ್ರ, 20 ಪಾಲು ಸತು ಅಂತ ಅಮ್ಮನಿಗೆ ವಿವರಿಸಿದೆ. ಅಮ್ಮ ತಂತಿಯನ್ನು ಕಿಟಕಿ ಬೆಳಕಿಗೆ ಹಿಡಿದು, ಉಗುರಲ್ಲಿ ಕೆರೆದು, "ಇದು ಹಿತ್ತಾಳೆ ಕಣೋ. ಕಂಚು ಅಂತ ಯಾರೋ ಟೋಪಿ ಹಾಕಿದಾರೆ" ಅಂದಳು. ಲೋಹಶಾಸ್ತ್ರವೂ ಅಮ್ಮನ ಕಡೆಗೇ ಇದೆ; ಕಂಚಿಗೆ ತವರ ಬೇಕು. "ಕಪ್ಪಾದ್ರೆ ಹುಣಸೆಹಣ್ಣು ಹಾಕಿ ತಿಕ್ಕು" ಅಂತಲೂ ಸೇರಿಸಿದಳು.

ಅಸಲು ಸಮಸ್ಯೆ ಬೇರೆ. ಅಕ್ಕನ ಮಗಳದು ಕ್ಲಾಸಿಕಲ್ ಗಿಟಾರು, ನೈಲಾನ್ ತಂತಿಯದು. ನೈಲಾನಿನ ಆರೂ ತಂತಿ ಸೇರಿ ಎಳೆಯುವುದು ಸುಮಾರು 40 ಕೆಜಿ. ಭಾವ ತಂದ 13ರ ಸೆಟ್ಟು, ಅಂದರೆ ಒಳಗೆ ಉಕ್ಕು, ದಪ್ಪ ತಂತಿಗಳಿಗೆ ಮಾತ್ರ ಮೇಲೆ ಆ ಹಿತ್ತಾಳೆ ಸುತ್ತು, 80 ದಾಟುತ್ತದೆ. "ನಿಂತ್ಕೊಂಡಿದೆಯಲ್ಲ!" ಅಂದ್ರು ಭಾವ, ಅದನ್ನೇ ಹಾಕಿ ಗಿಟಾರಿನ ಕಿವಿ, ಅಂದರೆ ತಂತಿ ಬಿಗಿಯುವ ಬಿರಡೆ, ತಿರುವುತ್ತಾ.

ರಾತ್ರಿ ಸಾರಿನ ಹೊತ್ತಿಗೆ ರೂಮಿನಲ್ಲಿ ಢಬ್ ಅಂತು. ಅಕ್ಕ ಗ್ಯಾಸ್ ಆರಿಸಲು ಓಡಿದಳು. ಹೋಗಿ ನೋಡಿದರೆ ಬ್ರಿಡ್ಜು, ಅಂದರೆ ತಂತಿಗಳ ಬುಡ ಕಟ್ಟುವ ಮರದ ಪಟ್ಟಿ, ಬುಡಸಮೇತ ಎದ್ದು ತಂತಿಗಳಲ್ಲಿ ನೇತಾಡುತ್ತಿದೆ. ಅದು ಕೂತಿದ್ದ ಜಾಗದಲ್ಲಿ ಅಂಟಿನ ಕಲೆ, ನಾಲ್ಕು ಸಿಬಿರು. "ಗೋಂದು ಸರಿಯಿಲ್ಲ" ಅಂದ್ರು ಭಾವ.

ರಿಪೇರಿಯವನು ಅಂಟಿಸಿಕೊಟ್ಟು ನೈಲಾನನ್ನೇ ಹಾಕಿದ. ಹಿಂದೆ ಇದಕ್ಕೆ ಕುರಿಯ ಕರುಳಿನ ತಂತಿ ಇರುತ್ತಿತ್ತಂತೆ. ಎರಡನೇ ಮಹಾಯುದ್ಧದಲ್ಲಿ ಕರುಳಿಗೆ ಬರ ಬಂದಾಗ ಆಲ್ಬರ್ಟ್ ಆಗಸ್ಟೀನ್ ಎಂಬಾತ ನೈಲಾನ್ ತಂತಿ ಮಾಡಿ, ಮಹಾನ್ ವಾದಕ ಸೆಗೋವಿಯಾನನ್ನೇ ಒಪ್ಪಿಸಿದ. ಕರುಳಿನ ವಿಷಯ ಅಮ್ಮನಿಗೆ ಹೇಳಿಲ್ಲ; ಗಿಟಾರು ಇರುವುದು ದೇವರ ಕೋಣೆಯ ಪಕ್ಕ.

ಹೊಸ ನೈಲಾನು ದಿನಗಟ್ಟಲೆ ಹಿಗ್ಗುತ್ತಲೇ ಇರುತ್ತದೆ. ಹುಡುಗಿ ಐದು ನಿಮಿಷಕ್ಕೊಮ್ಮೆ ಕಿವಿ ತಿರುವಿ, ಟೊಂಯ್, ಟೊಂಯ್ ಅನ್ನಿಸಿ, ಮತ್ತೆ ತಿರುವುತ್ತಾಳೆ. ಅಮ್ಮ ಜಪಮಣಿ ಹಿಡಿದು ತಲೆದೂಗುತ್ತಾ ಕೇಳುತ್ತಾಳೆ. "ಚೆನ್ನಾಗಿ ಕಲಿತಿದಾಳೆ, ಆದ್ರೆ ಚರಣ ಯಾವಾಗ ಶುರುವಾಗೋದು?" ಅಂತ ನಿನ್ನೆ ನನ್ನನ್ನು ಕೇಳಿದಳು.