ಚರ್ಚ್ ಯೂನಿವರ್ಸಿಟಿಗೆ ಮಗಳನ್ನು ಕಳಿಸಬೇಕಾ ಎಂದು ಕೇಳುವ ನಮ್ಮ ಕಡೆಯವರಿಗೆ

ಪಿಯುಸಿ ರಿಸಲ್ಟ್ ಬಂದ ಮೇಲೆ ಶಹಾಪುರ, ಸುರಪುರ, ಚಿತ್ತಾಪುರದ ಕಡೆಯಿಂದ ನನಗೆ ಫೋನ್ ಜಾಸ್ತಿ ಬರುತ್ತವೆ. ಬೆಂಗಳೂರಿನ ಒಂದು ಕ್ರೈಸ್ತ ವಿಶ್ವವಿದ್ಯಾಲಯದಲ್ಲಿ ಮೀಡಿಯಾ ಪ್ರೊಡಕ್ಷನ್ ಓದಿ, ಈಗ ಕಲಬುರಗಿಯಲ್ಲೇ ರೆಕಾರ್ಡಿಂಗ್, ಎಡಿಟಿಂಗ್ ಮಾಡುತ್ತೇನೆ ಎಂದು ಅವರಿಗೆ ಗೊತ್ತು. ಮಗಳಿಗೆ ಕ್ಯಾಮೆರಾ ಕೆಲಸ ಕಲಿಯುವ ಆಸೆ ಇರುತ್ತದೆ. ಸೀಟು ಸಿಗುವ ಹಾಗೂ ಇರುತ್ತದೆ. ಆದರೆ ಅಪ್ಪ ಮೊದಲು ಕೇಳುವುದು ಇದನ್ನೇ: "ಅಲ್ಲಿ ಪ್ರಾರ್ಥನಾ ಮಾಡಿಸ್ತಾರೇನ್ರಿ ಅಕ್ಕೋರ? ಹುಡುಗಿ ಬದಲಾಗಿ ಬರ್ತಾಳೇನು?"

ನಾನಿದ್ದ ಕಡೆ ಕಾರ್ಯಕ್ರಮಗಳ ಶುರುವಿಗೆ ಪ್ರಾರ್ಥನೆ ಇರುತ್ತಿತ್ತು. ಎದ್ದು ನಿಲ್ಲುತ್ತಿದ್ದೆವು, ಅಷ್ಟೇ. ನನ್ನ ಕೊರಳಲ್ಲಿದ್ದ ಲಿಂಗದ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಕಾನೂನೂ ನಿಮ್ಮ ಮಗಳ ಕಡೆಗೇ ಇದೆ. ಸರಕಾರದ ಮಾನ್ಯತೆ ಅಥವಾ ಅನುದಾನ ಇರುವ ಸಂಸ್ಥೆಯಲ್ಲಿ ಯಾರನ್ನೂ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಬೀದರಿನ ಮಿಷನ್ ಆಸ್ಪತ್ರೆಗೆ ಹೋಗುವಾಗ ನಮ್ಮ ಹಿರಿಯರಿಗೆ ಇಲ್ಲದ ಅಳುಕು ಓದಿನ ವಿಷಯದಲ್ಲಿ ಯಾಕೆ?

ಇನ್ನೊಂದು ಮಾತು. ಈ ಮೀಡಿಯಾ ಕೆಲಸಕ್ಕೂ ಕ್ರೈಸ್ತ ಸಂಸ್ಥೆಗಳವರಿಗೂ ಇರುವ ನಂಟು ಹಳೆಯದು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ್ದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್. 1963ರಲ್ಲಿ ಕ್ಯಾಥೋಲಿಕ್ ಚರ್ಚಿನ ಬಿಷಪ್‌ಗಳ ಎರಡನೇ ವ್ಯಾಟಿಕನ್ ಮಹಾಸಭೆ ಪತ್ರಿಕೆ, ಸಿನಿಮಾ, ರೇಡಿಯೋ, ಟಿವಿಗಳ ಬಗ್ಗೆಯೇ ಒಂದು ನಿರ್ಣಯ ಹೊರಡಿಸಿತು. ಆಮೇಲೆ ಕೆಲವೇ ವರ್ಷಗಳಲ್ಲಿ ಮುಂಬೈನ ಸೇಂಟ್ ಝೇವಿಯರ್ಸ್‌ನಲ್ಲಿ ಸಂವಹನ ಕಲಿಸುವ ಸಂಸ್ಥೆ ಶುರುವಾಯಿತು. 1970ರಲ್ಲಿ ಕೋಲ್ಕತ್ತದಲ್ಲಿ ಫಾದರ್ ಗ್ಯಾಸ್ಟನ್ ರೋಬರ್ಜ್ ಸಿನಿಮಾ, ಸಂವಹನ ಕಲಿಸುವ 'ಚಿತ್ರಬಾನಿ' ಕೇಂದ್ರ ಕಟ್ಟಿದರು. ಸಿನಿಮಾ ಅಂದರೆ ಹುಡುಗರು ಕೆಡುತ್ತಾರೆ ಎಂದು ಮನೆಮನೆಯಲ್ಲಿ ಬೈಯುತ್ತಿದ್ದ ಕಾಲದಲ್ಲೇ ಅವರು ಇದನ್ನು ಕಲಿಯಬೇಕಾದ ವಿದ್ಯೆ ಎಂದು ಹಿಡಿದರು. ಅದಕ್ಕೆ ನನಗೆ ತುಂಬಾ ಗೌರವ ಇದೆ.

ನಮ್ಮ ಕಡೆಗೆ ಈ ವಿದ್ಯೆ ಎಷ್ಟು ಬೇಕಾಗಿದೆ ಎಂದು ಹೇಳುತ್ತೇನೆ ಕೇಳಿ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದಿದ್ದು 1981ರಲ್ಲಿ. ಅದಕ್ಕಿಂತ ಆರು ವರ್ಷ ಮೊದಲೇ ನಮ್ಮ ಹಳ್ಳಿಗಳಲ್ಲಿ ಟಿವಿ ಇತ್ತು! 1975ರ ಆಗಸ್ಟ್ 1ರಿಂದ ಒಂದು ವರ್ಷ, ನಾಸಾದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮ ಕಳಿಸುವ 'ಸೈಟ್' ಎಂಬ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಆರಿಸಿದ್ದು ಆಗಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಯಾದಗಿರಿ ಆಗ ಗುಲ್ಬರ್ಗದಲ್ಲೇ ಇತ್ತು. ಸಂಜೆ ಊರಿಗೆ ಊರೇ ಒಂದು ಟಿವಿ ಮುಂದೆ ಕೂರುತ್ತಿತ್ತು. ಆದರೆ ನಮಗಾಗಿ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. 1977ರಲ್ಲಿ ಗುಲ್ಬರ್ಗಕ್ಕೂ ಕೇಂದ್ರ ಬಂತು, ನಿಜ. ಆದರೂ ರಾಜ್ಯದಲ್ಲಿ ಎಲ್ಲರಿಗಿಂತ ಮೊದಲು ಟಿವಿ ನೋಡಿದ ನಾವು, ಇವತ್ತಿಗೂ ನೋಡುವವರಾಗಿಯೇ ಜಾಸ್ತಿ ಉಳಿದಿದ್ದೇವೆ. ನಮ್ಮ ತೊಗರಿ ಬಗ್ಗೆ, ಬಿದ್ರಿ ಕೆಲಸದ ಬಗ್ಗೆ ಶೂಟ್ ಮಾಡಬೇಕೆಂದರೆ ತಂಡ ಬೇರೆ ಕಡೆಯಿಂದ ಬರುತ್ತದೆ. ನನಗೆ ಇದು ನೋವಿನ ವಿಷಯ.

ಹೊರಗಿನವರು ಬರಬಾರದು ಅಂತ ಅಲ್ಲ. ಆದರೆ ಅವರಿಗೆ ನಮ್ಮ ಬಿಸಿಲೂ ಗೊತ್ತಿರುವುದಿಲ್ಲ, ಮಾತೂ ಗೊತ್ತಿರುವುದಿಲ್ಲ. ಎರೆಮಣ್ಣಿನ ಹೊಲದಲ್ಲಿ ಮಧ್ಯಾಹ್ನ ರುಮಾಲು ಸುತ್ತಿದ ರೈತನನ್ನು ನಿಲ್ಲಿಸಿ ನೋಡಿ. ನೆತ್ತಿ ಮೇಲೆ ಸೂರ್ಯ, ಕೆಳಗಿನ ಕಪ್ಪು ಮಣ್ಣು ಬೆಳಕನ್ನು ಮೇಲಕ್ಕೆ ಕೊಡುವುದೇ ಇಲ್ಲ. ಕಣ್ಣು ಕತ್ತಲೆ ಗುಳಿಯಾಗುತ್ತವೆ. ಒಂದು ಬಿಳಿ ಥರ್ಮೋಕೋಲ್ ಹಿಡಿದರೆ ಸಾಕು, ಮುಖ ಬರುತ್ತದೆ. ಮನೆಯೊಳಗೆ ಹೋದರೆ ಶಹಾಬಾದ್ ಕಲ್ಲಿನ ನೆಲ, ಗಟ್ಟಿ ಗೋಡೆ. ಅಲ್ಲಿ ಮಾತು ಗುಂಯ್ ಎಂದು ಮರಳುತ್ತದೆ. ಅವ್ವನ ಹತ್ತಿರ ಕೌದಿ ಕೇಳಿ ಗೋಡೆಗೆ ತೂಗುಹಾಕಿ, ನೆಲಕ್ಕೂ ಹಾಸಿ, ದನಿ ಸ್ವಚ್ಛ ಆಗುತ್ತದೆ. ಟ್ಯೂಬ್‌ಲೈಟ್ ಕೆಳಗೆ ಚಿತ್ರ ಮಿಣುಕಿದರೆ ಶಟರ್, ಅಂದರೆ ಕ್ಯಾಮೆರಾ ಒಂದೊಂದು ಚಿತ್ರಕ್ಕೆ ಬೆಳಕು ತೆಗೆದುಕೊಳ್ಳುವ ಹೊತ್ತನ್ನು, ಸೆಕೆಂಡಿನ 50ನೇ ಒಂದು ಭಾಗಕ್ಕೆ ಇಡಬೇಕು, ನಮ್ಮ ಕರೆಂಟ್ 50 ಹರ್ಟ್ಸ್‌ನದು. ಇವು ಯೂಟ್ಯೂಬ್ ನೋಡಿಯೂ ಗೊತ್ತಾಗುತ್ತವೆ ಎನ್ನುತ್ತಾರೆ. ಗೊತ್ತಾಗಬಹುದು. ಆದರೆ ಕೈಗೆ ಕ್ಯಾಮೆರಾ ಕೊಟ್ಟು, ತೆಗೆದದ್ದನ್ನು ಎಲ್ಲರೆದುರು ಹಾಕಿ, "ಇಲ್ಲಿ ಯಾಕೆ ಕಟ್ ಮಾಡಿದೆ?" ಎಂದು ಕೇಳುವ ಮೇಷ್ಟ್ರು ಬೇಕು. ನನಗೆ ಅಲ್ಲಿ ಸಿಕ್ಕಿದ್ದು ಅದು.

ಮಾತಿನ ವಿಷಯ ಇನ್ನೂ ದೊಡ್ಡದು. ನಮ್ಮ ಕನ್ನಡವನ್ನು ನಗಿಸೋಕೆ ಮಾತ್ರ ಬಳಸುತ್ತಾರೆ ಎಂದು ನಾವೆಲ್ಲ ಸಿಟ್ಟು ಮಾಡಿಕೊಳ್ಳುತ್ತೇವೆ, ಅಲ್ವಾ? ಆ ಸಿಟ್ಟು ಎಡಿಟಿಂಗ್ ಟೇಬಲ್ ಮುಂದೆ ಕೂತಾಗ ಕೆಲಸಕ್ಕೆ ಬರುತ್ತದೆ. ಆಳಂದದ ಅಜ್ಜಿ ಒಂದು ಮಾತು ಎಳೆದು, ನಿಲ್ಲಿಸಿ, ಆಮೇಲೆ ಮುಗಿಸುತ್ತಾಳೆ. ಈ ಲಯ ತಿಳಿಯದವರು ಆ ನಿಲುಗಡೆಯನ್ನೇ ಕತ್ತರಿಸಿ ಬಿಸಾಡುತ್ತಾರೆ, ಮೇಲೆ ಬೇರೆಯವರ ದನಿ ಹಾಕುತ್ತಾರೆ. ನಮ್ಮ ಹುಡುಗಿ ಅಲ್ಲಿ ಕೂತಿದ್ದರೆ ಅದನ್ನು ಉಳಿಸುತ್ತಾಳೆ. ಕ್ರೈಸ್ತ ಸಂಸ್ಥೆಯಲ್ಲಿ ಬರೀ ಇಂಗ್ಲಿಷ್ ಎಂದುಕೊಂಡವರು ಮಂಗಳೂರಿನ ಸೇಂಟ್ ಅಲೋಶಿಯಸ್‌ನ ರೇಡಿಯೋ ಸಾರಂಗ್ ಕೇಳಬೇಕು. ಆ ಸಮುದಾಯ ಬಾನುಲಿಯಲ್ಲಿ ಕನ್ನಡದ ಜೊತೆ ತುಳು, ಕೊಂಕಣಿ, ಬ್ಯಾರಿ ಎಲ್ಲ ಇವೆ. ಅಲ್ಲಿ ಬ್ಯಾರಿಗೆ ಜಾಗ ಇರುವಾಗ ನಮ್ಮ ಬೀದರಿನ ದಖನಿ ಉರ್ದುಗೆ, ಸುರಪುರದ ಮಾತಿಗೆ ಯಾಕೆ ಸಿಗುವುದಿಲ್ಲ? ಮಕ್ಕಳು ಕೇಳಬೇಕು, ಕೊನೆ ವರ್ಷದ ಪ್ರಾಜೆಕ್ಟನ್ನು ತಮ್ಮ ಊರಲ್ಲೇ ಮಾಡುತ್ತೇನೆ ಎನ್ನಬೇಕು.

ಕಷ್ಟ ಇಲ್ಲ ಎನ್ನುವುದಿಲ್ಲ. ಪಾಠ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಹೋದವರಿಗೆ ಮೊದಲ ವರ್ಷ ತುಂಬಾ ಭಾರ. ಫೀಸು, ಹಾಸ್ಟೆಲ್ ಎರಡೂ ಸೇರಿದರೆ ಸಣ್ಣ ಹಿಡುವಳಿಯ ಮನೆಗೆ ಆಗುವ ಮಾತಲ್ಲ. ಸಾಲ ಮಾಡಿ ಕಳಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ವಿಭಾಗ ಇದೆ, ಅಲ್ಲೂ ವಿಚಾರಿಸಿ. ಆದರೆ ಇಷ್ಟು ದೊಡ್ಡ ಸಂಸ್ಥೆ ನಡೆಸುವ ಫಾದರ್‌ಗಳನ್ನು ಒಂದು ಮಾತು ಕೇಳಬೇಕು ಅನಿಸುತ್ತದೆ: ಕಲ್ಯಾಣ ಕರ್ನಾಟಕದ ಬಡ ಮಕ್ಕಳಿಗೆಂದೇ ಈ ಕೋರ್ಸಿನಲ್ಲಿ ಒಂದಿಷ್ಟು ಸೀಟು, ಸ್ಕಾಲರ್‌ಶಿಪ್ ಯಾಕಿರಬಾರದು?

ಕಳಿಸುವವರು ಒಮ್ಮೆ ಹೋಗಿ ಸ್ಟುಡಿಯೋ ನೋಡಿ ಬನ್ನಿ. ಒಂದು ಕ್ಯಾಮೆರಾಗೆ ಎಷ್ಟು ಮಕ್ಕಳು? ಶನಿವಾರ, ಭಾನುವಾರ ಸಾಮಾನು ಹೊರಗೆ ಕೊಡುತ್ತಾರಾ? ಸೌಂಡ್ ಕಲಿಸಲು ಬೇರೆ ಮೇಷ್ಟ್ರು ಇದ್ದಾರಾ? ಹೋದ ವರ್ಷದ ಮಕ್ಕಳು ಮಾಡಿದ ಕೆಲಸ ತೋರಿಸಿ ಎನ್ನಿ. ತೋರಿಸಲು ಹಿಂಜರಿದರೆ ಬೇರೆ ಕಡೆ ನೋಡಿ. ಫೀಸು ಕಟ್ಟುವ ಮೊದಲು ಈ ಕೆಲಸ ಹೇಗಿರುತ್ತದೆ ಎಂದು ಮಗಳಿಗೆ ತೋರಿಸಬೇಕಿದ್ದರೆ ನನಗೆ ಮೆಸೇಜ್ ಮಾಡಿ. ಕಲಬುರಗಿಗೆ ಕರೆದುಕೊಂಡು ಬನ್ನಿ, ಒಂದು ದಿನ ನಮ್ಮ ಜೊತೆ ಮೈಕ್ ಹಿಡಿದು ನಿಲ್ಲಲಿ.