ಈ ಸ್ಟೇಡಿಯಂ ಕಟ್ಟಿದ ಕಾಲವನ್ನೂ ನೆನೆಯಬೇಕು

ಅಮೆರಿಕದ ಒಹಾಯೋ ರಾಜ್ಯದ ಮ್ಯಾಸಿಲನ್ ಊರಿನಲ್ಲಿರುವ, ಹೈಸ್ಕೂಲ್ ಹುಡುಗರು ಅಮೆರಿಕನ್ ಫುಟ್‌ಬಾಲ್ ಆಡುವ ಪಾಲ್ ಬ್ರೌನ್ ಟೈಗರ್ ಸ್ಟೇಡಿಯಂ ಬಗ್ಗೆ ನೀವು ಲೇಖನ ಬರೆದಿದ್ದಕ್ಕೆ ಧನ್ಯವಾದ. ಆದರೆ '1939ರಲ್ಲಿ ಕಟ್ಟಿದ್ದು' ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಅಮೆರಿಕ ಆಗ ಮಹಾ ಆರ್ಥಿಕ ಕುಸಿತದಿಂದ ಇನ್ನೂ ಪೂರ್ತಿ ಎದ್ದಿರಲಿಲ್ಲ. ಕೆಲಸ ಕಳೆದುಕೊಂಡವರಿಗೆ ಕೂಲಿ ಸಿಗಲಿ ಎಂದು ರೂಸ್‌ವೆಲ್ಟ್ ಸರ್ಕಾರ 1935ರಲ್ಲಿ ಡಬ್ಲ್ಯುಪಿಎ (ವರ್ಕ್ಸ್ ಪ್ರೋಗ್ರೆಸ್ ಅಡ್ಮಿನಿಸ್ಟ್ರೇಷನ್) ಎಂಬ ಯೋಜನೆ ತಂದಿತ್ತು. ರಸ್ತೆ, ಸೇತುವೆ, ಶಾಲೆಗಳ ಜೊತೆ ಆಟದ ಮೈದಾನಗಳೂ ಅದರಲ್ಲಿ ಎದ್ದವು. ಈ ಸ್ಟೇಡಿಯಂ ಕೂಡ ಹಾಗೇ ಬಂದದ್ದು. ಅಂದರೆ ಹೈಸ್ಕೂಲ್ ಹುಡುಗರ ಆಟದ ಜಾಗ ಎಷ್ಟೋ ಮನೆಗಳ ಒಲೆಯನ್ನೂ ಉರಿಸಿತ್ತು!

ಅಷ್ಟು ದೊಡ್ಡದು ಬೇಕಾಗಿದ್ದಕ್ಕೆ ಕಾರಣ ಪಾಲ್ ಬ್ರೌನ್. ಮ್ಯಾಸಿಲನ್‌ನ ಆ ಹೈಸ್ಕೂಲಿನಲ್ಲೇ ಓದಿ, 1932ರಿಂದ 1940ರವರೆಗೆ ಅಲ್ಲೇ ಫುಟ್‌ಬಾಲ್ ಕೋಚ್ ಆಗಿದ್ದವರು. ಅವರ ತಂಡ ಗೆಲ್ಲುತ್ತಾ ಹೋದಂತೆ ಜನ ಜಾಸ್ತಿಯಾದರು. ಊರಿನ ಜನಸಂಖ್ಯೆ ಈಗ ಸುಮಾರು 32,000. ಸ್ಟೇಡಿಯಮ್ಮಿನಲ್ಲಿ 16,000ಕ್ಕೂ ಹೆಚ್ಚು ಜನ ಕೂರಬಹುದು. ಅರ್ಧ ಊರೇ ಕೂರಬಹುದು, ಅಲ್ವಾ?

ಬ್ರೌನ್ ಆಮೇಲೆ ಕ್ಲೀವ್‌ಲ್ಯಾಂಡ್ ಬ್ರೌನ್ಸ್, ಸಿನ್ಸಿನಾಟಿ ಬೆಂಗಾಲ್ಸ್ ಎಂಬ ವೃತ್ತಿಪರ ಫುಟ್‌ಬಾಲ್ ತಂಡಗಳನ್ನು ಕಟ್ಟಿದರು. ಬೆಂಗಾಲ್ಸ್ ಮೈದಾನಕ್ಕೂ ಅವರ ಹೆಸರೇ ಇತ್ತು. 2022ರಲ್ಲಿ ಅದನ್ನು ತೆಗೆದು ಒಂದು ಕಂಪನಿಯ ಹೆಸರಿಟ್ಟರು. ನನಗೆ ನಿಜಕ್ಕೂ ಬೇಜಾರಾಯಿತು. ಮ್ಯಾಸಿಲನ್‌ನವರು ಮಾತ್ರ ಹೆಸರನ್ನು ಉಳಿಸಿಕೊಂಡಿದ್ದಾರೆ.

ಪಕ್ಕದ ಕ್ಯಾಂಟನ್ ಊರಿನ ಮೆಕಿನ್ಲಿ ಶಾಲೆಯ ಜೊತೆ ಮ್ಯಾಸಿಲನ್ ತಂಡದ ಪೈಪೋಟಿ 1894ರಿಂದ ಇದೆ. ದಯವಿಟ್ಟು ಅದರ ಬಗ್ಗೆಯೂ ಬರೆಯಿರಿ.